ಗಾರೆಯಿಲ್ಲದ ಇಟ್ಟಿಗೆ

ಗೋಡೆ ಕಟ್ಟುವಾಗ ಇಟ್ಟಿಗೆಗಳ ನಡುವೆ ಗಾರೆಯನ್ನು ಏಕೆ ಹಾಕುತ್ತಾರೆ? ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದರೆ, 'ಒಂದಕ್ಕೊಂದು ಅಂಟಿಕೊಳ್ಳಲೆಂದು' ಎಂಬ ಉತ್ತರವು ಒಡನೆಯೇ ಬರುತ್ತದೆ. ಉತ್ತರವೇನೋ ತಪ್ಪಲ್ಲ, ಆದರೆ ಅದು ಅರ್ಧ ಉತ್ತರ. ಚಳ್ಳಕೆರೆಯಲ್ಲಿ ಹೊಸ ಮನೆ ಏಳುತ್ತಿರುವ ಯಾವುದಾದರೊಂದು ಬೀದಿಯಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಉಳಿದರ್ಧವು ಕಣ್ಣಿಗೆ ಬೀಳುತ್ತದೆ. ಗಾರೆ ಕೆಲಸದವನು ಮೂಲೆಯಿಂದ ಮೂಲೆಗೆ ದಾರ ಎಳೆದು ಕಟ್ಟುತ್ತಾನೆ. ಒಂದು ಇಟ್ಟಿಗೆಯನ್ನಿಟ್ಟು ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾನೆ. ಇಟ್ಟಿಗೆ ದಾರಕ್ಕಿಂತ ತಗ್ಗಾಗಿದ್ದರೆ ಅದನ್ನೆತ್ತಿ ಅಡಿಗೆ ಇನ್ನಷ್ಟು ಗಾರೆ ಹಾಕುತ್ತಾನೆ. ಉಬ್ಬಾಗಿದ್ದರೆ ಸ್ವಲ್ಪ ಬಳಿದು ತೆಗೆಯುತ್ತಾನೆ. ಗೂಡಿನಲ್ಲಿ ಸುಟ್ಟ ಇಟ್ಟಿಗೆಗಳು ಒಂದರಂತೆ ಇನ್ನೊಂದಿರುವುದಿಲ್ಲ. ಬೆಂಕಿಗೆ ಹತ್ತಿರವಿದ್ದದ್ದು ಹೆಚ್ಚು ಕುಗ್ಗಿರುತ್ತದೆ, ದೂರವಿದ್ದದ್ದು ಕಡಮೆ. ಈ ಏರುಪೇರುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುವ ಕೆಲಸ ಗಾರೆಯದು.

ಏರುಪೇರು ಎಷ್ಟಿರಬಹುದು ಎಂಬುದಕ್ಕೆ ಅಧಿಕೃತವಾದ ಮಿತಿಯೇ ಉಂಟು. ಭಾರತೀಯ ಮಾನಕ 1077ರ ಪ್ರಕಾರ ಪ್ರಮಾಣಿತ ಇಟ್ಟಿಗೆಯ ಉದ್ದ 190 ಮಿಲಿಮೀಟರು, ಅಗಲ ಮತ್ತು ಎತ್ತರ 90 ಮಿಲಿಮೀಟರು. 20 ಇಟ್ಟಿಗೆಗಳನ್ನು ಉದ್ದಕ್ಕೆ ಸಾಲಾಗಿ ಜೋಡಿಸಿದರೆ 3,800 ಮಿಲಿಮೀಟರು ಬರಬೇಕು. 80 ಮಿಲಿಮೀಟರು ಹೆಚ್ಚಾದರೂ ಕಡಮೆಯಾದರೂ ಸರಿಯೆ. ಎಂದರೆ, ಒಂದೊಂದು ಇಟ್ಟಿಗೆಗೆ ಸರಾಸರಿ 4 ಮಿಲಿಮೀಟರಿನಷ್ಟು ತಪ್ಪು ಮಾಡುವ ಸ್ವಾತಂತ್ರ್ಯವನ್ನು ಸರ್ಕಾರವೇ ಕೊಟ್ಟಿದೆಯೆಂದಾಯಿತು. ಒಂದು ಸೆಂಟಿಮೀಟರಿನಷ್ಟು ಗಾರೆ ಮಧ್ಯದಲ್ಲಿರುವಾಗ ಇದರಿಂದ ಹಾನಿಯೇನೂ ಇಲ್ಲ.

ಗಾರೆಯೇ ಇಲ್ಲದೆ ಕಟ್ಟಬೇಕಾದರೆ? ಅದಕ್ಕೆ ಒಂದು ಉಪಾಯವನ್ನು ನಮ್ಮ ಸೀಮೆಯ ಜನ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬಲ್ಲವರಾಗಿದ್ದರು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಎಂದೊಡನೆ ಅಶೋಕನ ಶಾಸನ ನಮ್ಮ ನೆನಪಿಗೆ ಬರುತ್ತದೆ. ಅದೇ ಬೆಟ್ಟದ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಬೃಹತ್ ಶಿಲಾಯುಗದ ಸಮಾಧಿಗಳು ದೊರೆತವು. ನೆಲದಲ್ಲಿ ಹೂತ ಕಲ್ಲಿನ ಪೆಟ್ಟಿಗೆಗಳೆಂದು ಅವನ್ನು ಕರೆಯಬಹುದು. ನಾಲ್ಕು ದೊಡ್ಡ ಗ್ರಾನೈಟ್ ಚಪ್ಪಡಿಗಳು ನಾಲ್ಕು ಗೋಡೆಗಳಾಗಿ ನಿಂತಿವೆ. ಪೂರ್ವದ ಚಪ್ಪಡಿಯಲ್ಲಿ ದುಂಡಾದ ಒಂದು ಕಂಡಿ. ಸ್ವಾರಸ್ಯವಿರುವುದು ಚಪ್ಪಡಿಗಳ ಜೋಡಣೆಯಲ್ಲಿ. ನಾವು ರಟ್ಟಿನ ಪೆಟ್ಟಿಗೆ ಮಾಡುವಾಗ ಅಂಚಿಗೆ ಅಂಚನ್ನು ಸೇರಿಸುತ್ತೇವೆ. ಅಲ್ಲಿ ಹಾಗೆ ಮಾಡಿಲ್ಲ. ಪ್ರತಿಯೊಂದು ಚಪ್ಪಡಿಯ ಒಂದು ತುದಿ ಪಕ್ಕದ ಚಪ್ಪಡಿಯ ಒಳಮುಖಕ್ಕೆ ಆತುಕೊಂಡಿದೆ, ಮತ್ತೊಂದು ತುದಿ ಮೂಲೆಯನ್ನು ದಾಟಿ ಹೊರಗೆ ಚಾಚಿದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಸುತ್ತಲಿನ ಮಣ್ಣು ಚಪ್ಪಡಿಯನ್ನು ಒಳಕ್ಕೆ ದೂಡಲು ಯತ್ನಿಸುತ್ತದೆಯಷ್ಟೆ; ಆ ನೂಕನ್ನು ಪಕ್ಕದ ಚಪ್ಪಡಿ ತನ್ನ ಉದ್ದಕ್ಕೆ ತಾಳಿಕೊಂಡು ತಡೆಯುತ್ತದೆ. ಅದಕ್ಕೆ ಮತ್ತೊಂದು, ಮತ್ತೊಂದಕ್ಕೆ ಇನ್ನೊಂದು ಆಸರೆ. ಹೊರಗಿನಿಂದ ಒತ್ತಿದಷ್ಟೂ ಕಟ್ಟು ಬಿಗಿಯಾಗುತ್ತದೆ. ಇಲ್ಲಿ ಗಾರೆಯ ಕೆಲಸವನ್ನು ಮಾಡಿರುವುದು ವಿನ್ಯಾಸ.

ಇನ್ನೊಂದು ಉಪಾಯವೂ ಇದೆ. ತುಂಡುಗಳ ಅಳತೆಯನ್ನೇ ಗಾರೆ ಬೇಡವಾಗುವಷ್ಟು ನಿಖರಗೊಳಿಸುವುದು. ಈ ಎರಡನೆಯ ಉಪಾಯ ಪರಿಪೂರ್ಣತೆಯನ್ನು ಮುಟ್ಟಿರುವುದು ಅರಮನೆಯಲ್ಲೂ ಅಲ್ಲ, ಅಣೆಕಟ್ಟಿನಲ್ಲೂ ಅಲ್ಲ. ಮಕ್ಕಳ ಆಟದ ಸಾಮಾನಿನಲ್ಲಿ. ಲೆಗೊ ಎಂಬ ಹೆಸರಿನ ಪ್ಲಾಸ್ಟಿಕ್ ಇಟ್ಟಿಗೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ನೋಡದವರು ಅದರಂತೆಯೇ ಕಾಣುವ ಅಗ್ಗದ ತುಂಡುಗಳನ್ನು ನಾಯಕನಹಟ್ಟಿಯ ಜಾತ್ರೆಯಂಥ ಕಡೆ ಆಟಿಕೆಯ ಅಂಗಡಿಗಳಲ್ಲಿಯಾದರೂ ಕಂಡಿರಲು ಸಾಕು. ಮೇಲೆ ಸಾಲಾಗಿ ದುಂಡನೆಯ ಗುಬಟುಗಳು, ಅಡಿಯಲ್ಲಿ ಟೊಳ್ಳು. ಒಂದರ ಮೇಲೊಂದನ್ನಿಟ್ಟು ಒತ್ತಿದರೆ 'ಕ್ಲಿಕ್' ಎಂದು ಕಚ್ಚಿಕೊಳ್ಳುತ್ತದೆ; ಎಳೆದರೆ ಬಿಟ್ಟುಕೊಳ್ಳುತ್ತದೆ.

ಈಗ ಈ ಆಟಿಕೆಯನ್ನು ಕೊಳ್ಳುವವರೆಲ್ಲ ಮಕ್ಕಳಲ್ಲ. ವೈದ್ಯರು, ಇಂಜಿನಿಯರುಗಳು, ಉಪಾಧ್ಯಾಯರು, ನಿವೃತ್ತರು, ಹೀಗೆ ಪ್ರಪಂಚದ ನಾನಾ ದೇಶಗಳ ವಯಸ್ಕರು ಸಾವಿರಾರು ತುಂಡುಗಳ ಪೆಟ್ಟಿಗೆಗಳನ್ನು ಕೊಂಡು, ರಾತ್ರಿಯೆಲ್ಲ ಕುಳಿತು ಹಡಗು, ಸೇತುವೆ, ದೇವಾಲಯಗಳನ್ನು ಕಟ್ಟುತ್ತಾರೆ, ಕಪಾಟುಗಳಲ್ಲಿ ಸಂಗ್ರಹಿಸುತ್ತಾರೆ. ಬೆಂಗಳೂರಿನಂಥ ನಗರಗಳಲ್ಲಿ ನಮ್ಮವರಿಗೂ ಈ ಹವ್ಯಾಸ ಹತ್ತಿದೆ. 2020ರಿಂದೀಚೆಗೆ ಕಂಪನಿಯು ಇಂಥ ಪೆಟ್ಟಿಗೆಗಳ ಮೇಲೆ 'ಹದಿನೆಂಟು ಮೀರಿದವರಿಗೆ' ಎಂದೇ ಅಚ್ಚು ಹಾಕುತ್ತಿದೆ. ಇವುಗಳಲ್ಲಿ 2021ರಲ್ಲಿ ಬಂದ ಪ್ರಪಂಚದ ಭೂಪಟವೊಂದಕ್ಕೆ 11,695 ತುಂಡುಗಳು.

ಮೀಸೆ ಬಂದ ಮೇಲೂ ಆಟವೇ ಎಂದು ನಗುವವರು ನಮ್ಮಲ್ಲಿ ಇಲ್ಲದಿಲ್ಲ. ಆದರೆ ಅವರ ಮನೆಯಲ್ಲಿಯೇ ನವರಾತ್ರಿ ಬಂದರೆ ಅಟ್ಟದಿಂದ ಪೆಟ್ಟಿಗೆ ಇಳಿಯುತ್ತದೆ. ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳು ಹೊರಬಂದು, ಮೂರು, ಐದು, ಏಳು ಎಂಬ ಬೆಸಸಂಖ್ಯೆಯ ಮೆಟ್ಟಿಲುಗಳ ಮೇಲೆ ಕೂರುತ್ತವೆ. ಪಕ್ಕದಲ್ಲಿ ರಾಗಿಯ ಪೈರು ಬೆಳೆಸಿದ ಒಂದು ತೋಟ, ಕನ್ನಡಿಯ ಕೊಳ, ಸಂತೆಯ ದೃಶ್ಯ. ಇದನ್ನೆಲ್ಲ ಹೂಡುವವರು ಮಕ್ಕಳಲ್ಲ, ಅಜ್ಜಿಯರು ಮತ್ತು ತಾಯಂದಿರು. ಮಕ್ಕಳ ಪಾಲಿಗೆ ಬರುವುದು ಚರುಪು ಮಾತ್ರ. ಗೊಂಬೆಯನ್ನು ವಯಸ್ಕರು ಸಂಗ್ರಹಿಸಿ ಜೋಡಿಸುವ ಸಂಪ್ರದಾಯ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಪ್ಲಾಸ್ಟಿಕ್ ಇಟ್ಟಿಗೆಯ ಹವ್ಯಾಸಿಯನ್ನು ವಿಚಿತ್ರ ಪ್ರಾಣಿಯೆಂದು ನೋಡಬೇಕಾದ ಕಾರಣವಿಲ್ಲ. ಅವನ ಕೈಯಲ್ಲಿರುವ ವಸ್ತುವನ್ನು ನೋಡೋಣ.

ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಹಳ್ಳಿಯ ಬಡಗಿ ಓಲೆ ಕಿರ್ಕ್ ಕ್ರಿಸ್ತಿಯಾನ್ಸೆನ್. 1932ರ ಆರ್ಥಿಕ ಮುಗ್ಗಟ್ಟಿನಲ್ಲಿ ಬಾಗಿಲು ಕಿಟಕಿಗಳ ಕೆಲಸ ಸಿಗದೆ ಮರದ ಆಟಿಕೆಗಳನ್ನು ಮಾಡತೊಡಗಿದ. 'ಚೆನ್ನಾಗಿ ಆಡು' ಎಂಬ ಅರ್ಥದ ಎರಡು ಡೇನಿಷ್ ಪದಗಳನ್ನು ಕೂಡಿಸಿ 1934ರಲ್ಲಿ ಲೆಗೊ ಎಂಬ ಹೆಸರಿಟ್ಟ. ಮಹಾಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಎರೆಯುವ ಯಂತ್ರವನ್ನು ಕೊಂಡು, 1949ರಲ್ಲಿ ಮೊದಲ ಇಟ್ಟಿಗೆಗಳನ್ನು ಮಾರಿದ. ಆ ಇಟ್ಟಿಗೆಯ ಕಲ್ಪನೆ ಅವನದಲ್ಲ. ಹಿಲರಿ ಫಿಶರ್ ಪೇಜ್ ಎಂಬ ಆಂಗ್ಲ ಗೃಹಸ್ಥನು ಮಾಡಿದ್ದ ಇಟ್ಟಿಗೆಯನ್ನು ನೋಡಿ ಮಾಡಿದ್ದು. ಇಂದು ಪೇಜನ ಹೆಸರನ್ನು ಬಲ್ಲವರು ಕಡಮೆ. ಈ ಮೊದಲ ಇಟ್ಟಿಗೆಗಳ ಅಡಿಯು ಬರಿದಾಗಿತ್ತು. ಕಟ್ಟಿದ್ದು ಅಲುಗಾಡಿದರೆ ಬಿದ್ದುಹೋಗುತ್ತಿತ್ತು. ಓಲೆಯ ಮಗ ಗಾಡ್‌ಫ್ರೆಡ್ ಇದಕ್ಕೆ ಪರಿಹಾರ ಹುಡುಕಿ, ಟೊಳ್ಳಿನೊಳಗೆ ಕೊಳವೆಗಳನ್ನು ನಿಲ್ಲಿಸಿ, 1958ರ ಜನವರಿ 28ರಂದು ಸ್ವಾಮ್ಯದ ಹಕ್ಕಿಗೆ ಅರ್ಜಿ ಹಾಕಿದ. ಆ ದಿನದ ಇಟ್ಟಿಗೆಯೂ ಇಂದಿನದೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಯಂತ್ರಗಳು ಬದಲಾದವು, ಪ್ಲಾಸ್ಟಿಕ್ಕು ಬದಲಾಯಿತು, ಅಳತೆ ಬದಲಾಗಲಿಲ್ಲ.

ಆ ಅಳತೆಗಳು ಯಾವುವು? ಗುಬಟಿನ ನಡುವಿನಿಂದ ಪಕ್ಕದ ಗುಬಟಿನ ನಡುವಿಗೆ 8 ಮಿಲಿಮೀಟರು. ಗುಬಟಿನ ವ್ಯಾಸ 4.8 ಮಿಲಿಮೀಟರು. ಗುಬಟನ್ನು ಬಿಟ್ಟರೆ ಇಟ್ಟಿಗೆಯ ಎತ್ತರ 9.6 ಮಿಲಿಮೀಟರು. ಅಡಿಯ ಕೊಳವೆಯ ಹೊರ ವ್ಯಾಸ ಎಷ್ಟಿರಬೇಕೆಂಬುದನ್ನು ಪೈಥಾಗೊರಸನ ಪ್ರಮೇಯ ಬಲ್ಲ ಯಾರಾದರೂ ಕಂಡುಹಿಡಿಯಬಹುದು. ನಾಲ್ಕು ಗುಬಟುಗಳು 8 ಮಿಲಿಮೀಟರಿನ ಒಂದು ಚೌಕದ ನಾಲ್ಕು ಮೂಲೆಗಳಲ್ಲಿವೆ. ಕೊಳವೆ ಅವುಗಳ ನಟ್ಟನಡುವೆ ಇಳಿದು ನಾಲ್ಕನ್ನೂ ತಾಗಬೇಕು. ಚೌಕದ ಕರ್ಣ 8ರ √2 ಪಟ್ಟು, ಎಂದರೆ 11.31 ಮಿಲಿಮೀಟರು. ಕರ್ಣದ ಎರಡು ತುದಿಗಳಲ್ಲಿ ಅರ್ಧರ್ಧ ಗುಬಟು, ಒಟ್ಟು 4.8 ಮಿಲಿಮೀಟರು ಕಳೆಯುತ್ತದೆ. ಉಳಿದದ್ದು 6.51. ಕೊಳವೆಯ ವ್ಯಾಸ ಇದೇ. ಇದು 6.4 ಆಗಿದ್ದರೆ ಇಟ್ಟಿಗೆ ತಾನಾಗಿ ಕಳಚಿಕೊಳ್ಳುತ್ತದೆ, 6.6 ಆಗಿದ್ದರೆ ಮಗುವಿನ ಕೈಗೆ ಅದನ್ನು ಒತ್ತಿ ಕೂರಿಸುವುದೇ ಕಷ್ಟವಾಗುತ್ತದೆ.

ಹಿಡಿತದ ಗುಟ್ಟು ಇಲ್ಲಿದೆ. ಗುಬಟು, ಕೊಳವೆ ಮತ್ತು ಇಟ್ಟಿಗೆಯ ಪಕ್ಕೆ ಇವುಗಳ ನಡುವಿನ ಅವಕಾಶ ಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ಕಡಮೆ. ಒತ್ತಿದಾಗ ಪ್ಲಾಸ್ಟಿಕ್ಕಿನ ಪಕ್ಕೆಗಳು ತುಸು ಹೊರಕ್ಕೆ ಬಾಗುತ್ತವೆ. ಸ್ಥಿತಿಸ್ಥಾಪಕ ಗುಣದಿಂದಾಗಿ ಮತ್ತೆ ಮೊದಲಿನ ಸ್ಥಿತಿಗೆ ಬರಲು ಯತ್ನಿಸುತ್ತ ಗುಬಟನ್ನು ಒತ್ತಿ ಹಿಡಿಯುತ್ತವೆ. ಈ ಒತ್ತುವಿಕೆಯಿಂದ ಘರ್ಷಣೆ ಹುಟ್ಟುತ್ತದೆ, ಘರ್ಷಣೆಯೇ ಹಿಡಿತ. ಬಾಗಿದ ಪಕ್ಕೆಯಲ್ಲಿ ಹುಕ್‌ನ ನಿಯಮ, ತಾಗುವ ಮುಖದಲ್ಲಿ ಘರ್ಷಣೆಯ ನಿಯಮ, ಪ್ರಥಮ ಪಿ.ಯು.ಸಿ. ಪುಸ್ತಕದ ಎರಡು ಅಧ್ಯಾಯಗಳು ಒಂದು ಬೆರಳ ತುದಿಯಲ್ಲಿ ಭೇಟಿಯಾಗುತ್ತವೆ. 1963ರವರೆಗೆ ಬಳಸುತ್ತಿದ್ದ ಸೆಲ್ಯುಲೋಸ್ ಅಸಿಟೇಟ್ ಕಾಲಕ್ರಮದಲ್ಲಿ ಸೊಟ್ಟಗಾಗುತ್ತಿತ್ತು. ಆಗ ಅದನ್ನು ಬಿಟ್ಟು ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕನ್ನು ಹಿಡಿದರು. ಅದರ ಮೂರು ಘಟಕಗಳಲ್ಲಿ ಸ್ಟೈರೀನ್ ಹೊಳಪನ್ನೂ ಬಿಗುವನ್ನೂ, ಆಕ್ರಿಲೋನೈಟ್ರೈಲ್ ಗಡಸುತನವನ್ನೂ, ರಬ್ಬರಿನ ಜಾತಿಯ ಬ್ಯೂಟಡೈಈನ್ ಪೆಟ್ಟನ್ನು ತಾಳುವ ಗುಣವನ್ನೂ ಕೊಡುತ್ತವೆ.

ಅಚ್ಚುಗಳ ನಿಖರತೆ ಸುಮಾರು 0.005 ಮಿಲಿಮೀಟರು ಎಂದು ಕಂಪನಿ ಹೇಳುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನೀವು ಬಳಸುವ ಸ್ಕ್ರೂ ಗೇಜು 0.01 ಮಿಲಿಮೀಟರಿಗಿಂತ ಸೂಕ್ಷ್ಮವಾದುದನ್ನು ತೋರಿಸಲಾರದು. ಆದುದರಿಂದ ಆಟಿಕೆಯ ಅಚ್ಚಿನಲ್ಲಿರುವ ತಪ್ಪನ್ನು ಹಿಡಿಯಲು ನಮ್ಮ ಉಪಕರಣಕ್ಕೇ ಸಾಮರ್ಥ್ಯವಿಲ್ಲ! ಗೋಡೆಯ ಇಟ್ಟಿಗೆಗೆ ಸಿಕ್ಕ 4 ಮಿಲಿಮೀಟರಿನ ರಿಯಾಯಿತಿಯನ್ನು ಇದರ ಪಕ್ಕದಲ್ಲಿಡಿ. ಎಂಟುನೂರು ಪಟ್ಟು ವ್ಯತ್ಯಾಸ.

ಇಲ್ಲೊಂದು ಸಂದೇಹ ಬರಬಹುದು. ಬಿಸಿಗೆ ಪ್ಲಾಸ್ಟಿಕ್ಕು ಹಿಗ್ಗುವುದಿಲ್ಲವೆ? ಹಿಗ್ಗುತ್ತದೆ, ಧಾರಾಳವಾಗಿಯೇ ಹಿಗ್ಗುತ್ತದೆ. ಎ.ಬಿ.ಎಸ್. ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಉದ್ದದ ಲಕ್ಷದಲ್ಲಿ ಸುಮಾರು 8 ಭಾಗದಷ್ಟು ಬೆಳೆಯುತ್ತದೆ. 20 ಡಿಗ್ರಿಯ ತಂಪಿನಲ್ಲಿ 31.8 ಮಿಲಿಮೀಟರು ಉದ್ದವಿದ್ದ ಇಟ್ಟಿಗೆಯೊಂದು ಚಳ್ಳಕೆರೆಯ ಏಪ್ರಿಲ್ ತಿಂಗಳ 40 ಡಿಗ್ರಿಯಲ್ಲಿ 0.05 ಮಿಲಿಮೀಟರು ಉದ್ದವಾಗುತ್ತದೆ. ಅಚ್ಚಿನ ತಪ್ಪಿನ ಹತ್ತು ಪಟ್ಟು! ಆದರೂ ಹಿಡಿತ ಕೆಡುವುದಿಲ್ಲ. ಏಕೆಂದರೆ ಗುಬಟೂ ಕೊಳವೆಯೂ ಪಕ್ಕೆಯೂ ಒಂದೇ ವಸ್ತುವಿನಿಂದಾದವು. ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ನೆರೆಹೊರೆಯವರೆಲ್ಲ ಒಟ್ಟಿಗೆ ದಪ್ಪಗಾದರೆ ಯಾರ ಅಂಗಿ ಯಾರಿಗೆ ಆಗುತ್ತದೆಂಬ ಲೆಕ್ಕ ಬದಲಾಗುವುದಿಲ್ಲವಷ್ಟೆ. ಬೇರೆ ಪ್ಲಾಸ್ಟಿಕ್ಕಿನಿಂದಾದ ಅಗ್ಗದ ತುಂಡನ್ನು ಇದರೊಡನೆ ಬೆರೆಸಿದರೆ ಈ ಮಾತು ನಿಲ್ಲುವುದಿಲ್ಲ.

ಇಟ್ಟಿಗೆಯ ಬಲವನ್ನೂ ಅಳೆದು ನೋಡಿದ್ದಾರೆ. 2012ರಲ್ಲಿ ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾನಿಲಯದ ಇಂಜಿನಿಯರುಗಳು ನಾಲ್ಕು ಗುಬಟಿನ ಇಟ್ಟಿಗೆಯನ್ನು ಯಂತ್ರದಲ್ಲಿಟ್ಟು ಒತ್ತಿದರು. ಸರಾಸರಿ 4,240 ನ್ಯೂಟನ್ ಬಲಕ್ಕೆ ಅದು ಸೋತಿತು. ಅದು ಸುಮಾರು 432 ಕಿಲೋಗ್ರಾಮಿನ ಭಾರ. ಇಟ್ಟಿಗೆಯ ತೂಕ 1.152 ಗ್ರಾಮು. ಭಾಗಿಸಿದರೆ, ಒಂದರ ಮೇಲೊಂದರಂತೆ ಮೂರೂ ಮುಕ್ಕಾಲು ಲಕ್ಷ ಇಟ್ಟಿಗೆಗಳ ಗೋಪುರವನ್ನು ತಳದ ಇಟ್ಟಿಗೆಯು ಹೊರಬಲ್ಲದು. ಎತ್ತರ ಮೂರೂವರೆ ಕಿಲೋಮೀಟರಿಗೂ ಮಿಗಿಲು. ಅಂಥ ಗೋಪುರ ನಿಲ್ಲುವುದುಂಟೆ? ಇಲ್ಲ, ತಳದ ಇಟ್ಟಿಗೆ ಪುಡಿಯಾಗುವುದಕ್ಕೆ ಬಹಳ ಮುಂಚೆಯೇ ಅದು ನಡುವಿನಲ್ಲಿ ಬಾಗಿ ಬೀಳುತ್ತದೆ.

ಬಲಕ್ಕಿಂತಲೂ ಹವ್ಯಾಸಿಗಳನ್ನು ಸೆಳೆಯುವುದು ಜೋಡಣೆಯ ವೈವಿಧ್ಯ. ಎಂಟು ಗುಬಟಿನ, ಎಂದರೆ ಎರಡು ಸಾಲಿಗೆ ನಾಲ್ಕರಂತೆ ಗುಬಟುಳ್ಳ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು ಎಷ್ಟು ವಿಧವಾಗಿ ಸೇರಿಸಬಹುದು? ಇದನ್ನು ನಿಧಾನವಾಗಿ ಬಿಡಿಸೋಣ. ಮೇಲಿನ ಇಟ್ಟಿಗೆ ಕೆಳಗಿನದಕ್ಕೆ ಸಮಾಂತರವಾಗಿದ್ದರೆ, ಅಗಲದ ದಿಕ್ಕಿನಲ್ಲಿ 3 ಸ್ಥಾನ, ಉದ್ದದ ದಿಕ್ಕಿನಲ್ಲಿ 7 ಸ್ಥಾನ, ಒಟ್ಟು 21. ಅಡ್ಡವಾಗಿದ್ದರೆ ಎರಡು ದಿಕ್ಕಿನಲ್ಲೂ ಐದೈದು, ಒಟ್ಟು 25. ಕೂಡಿದರೆ 46. ಆದರೆ ಮೇಜಿನ ಸುತ್ತ ನಡೆದು ಎದುರು ಬದಿಯಿಂದ ನೋಡಿದರೆ ಇವುಗಳಲ್ಲಿ ಬಹುಪಾಲು ಜೋಡಿಜೋಡಿಯಾಗಿ ಒಂದೇ ಆಗಿಬಿಡುತ್ತವೆ. ಎರಡೂ ಬದಿಯಿಂದ ಒಂದೇ ತೆರನಾಗಿ ಕಾಣುವವು ಎರಡು ಮಾತ್ರ: ಮೇಲಿನದು ನಟ್ಟನಡುವೆ ಸಮಾಂತರವಾಗಿರುವುದು, ಮತ್ತು ನಟ್ಟನಡುವೆ ಅಡ್ಡವಾಗಿರುವುದು. ಉಳಿದ 44 ಅರ್ಧವಾಗಿ 22. ಒಟ್ಟು 24 ವಿಧ.

ಆರು ಇಟ್ಟಿಗೆಗಳನ್ನು ಒಂದರ ಮೇಲೊಂದರಂತೆ ಆರು ಅಂತಸ್ತು ಕಟ್ಟುವುದಾದರೆ? ಐದು ಬೆಸುಗೆಗಳಿವೆ, ಪ್ರತಿಯೊಂದಕ್ಕೂ 46 ಸಾಧ್ಯತೆ. 46ನ್ನು ಐದು ಬಾರಿ ಗುಣಿಸಿದರೆ 20,59,62,976. ಎದುರು ಬದಿಯಿಂದಲೂ ಹಾಗೆಯೇ ಕಾಣುವವು ಎರಡರ ಐದನೆಯ ಘಾತ, ಎಂದರೆ 32. ಇವನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 10,29,81,504. ಕಂಪನಿಯು ಬಹುಕಾಲ ಪ್ರಚಾರ ಮಾಡಿದ ಸಂಖ್ಯೆ 10,29,81,500, ನಾಲ್ಕು ಕಡಮೆ. ಆ ನಾಲ್ಕು ದೊಡ್ಡ ವಿಷಯವಲ್ಲ. ದೊಡ್ಡ ವಿಷಯವೆಂದರೆ, ಅದರಲ್ಲಿ ಅಕ್ಕಪಕ್ಕ ಇಟ್ಟಿಗೆಗಳನ್ನಿಟ್ಟು ಕಟ್ಟುವ ತಗ್ಗಾದ ಕಟ್ಟಡಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಿತಜ್ಞ ಸೋರೆನ್ ಐಲರ್ಸ್ ಗಣಕಯಂತ್ರದ ಸಹಾಯದಿಂದ ಎಲ್ಲವನ್ನೂ ಎಣಿಸಿ ತೋರಿಸಿದ ಸಂಖ್ಯೆ 91,51,03,765. ಆರೇ ಇಟ್ಟಿಗೆ, ತೊಂಬತ್ತೊಂದು ಕೋಟಿ ಕಟ್ಟಡ! ಇಟ್ಟಿಗೆಗಳ ಸಂಖ್ಯೆ ಹೆಚ್ಚಿದಂತೆ ಈ ಎಣಿಕೆಗೆ ಸರಳ ಸೂತ್ರವೊಂದು ದೊರೆತಿಲ್ಲ.

ವಯಸ್ಕರ ಪೆಟ್ಟಿಗೆಗಳಲ್ಲಿ ಮತ್ತೊಂದು ಬಗೆ ಚಿತ್ರಫಲಕಗಳದು. ಉದ್ದಕ್ಕೆ 48, ಅಗಲಕ್ಕೆ 48 ಚೌಕಗಳ ಹಲಗೆಯ ಮೇಲೆ 2,304 ಚಿಕ್ಕ ಬಣ್ಣದ ತುಂಡುಗಳನ್ನು ಒಂದೊಂದಾಗಿ ಕೂರಿಸಿ ಮುಖವನ್ನೋ ಹೂವನ್ನೋ ಮೂಡಿಸುತ್ತಾರೆ. ಈ ಕಸುಬನ್ನು ಕಂಡರೆ ಮೊಳಕಾಲ್ಮುರಿನ ನೇಕಾರರು ಆಶ್ಚರ್ಯಪಡಲಾರರು. ಭೌಗೋಳಿಕ ಸೂಚನೆಯ ಮಾನ್ಯತೆ ಪಡೆದಿರುವ ಅಲ್ಲಿಯ ರೇಷ್ಮೆ ಸೀರೆಯಲ್ಲಿ ಮೂಡುವ ಹಣ್ಣು, ಹೂವು, ಪ್ರಾಣಿಗಳೂ ಚೌಕಗಳಿಂದಲೇ ಹುಟ್ಟಿದವು. ಜಕಾರ್ಡ್ ಹೂಡಿದ ಮಗ್ಗಕ್ಕೆ ವಿನ್ಯಾಸವನ್ನು ಮೊದಲು ಚೌಕಳಿ ಹಾಳೆಯ ಮೇಲೆ ಬರೆಯುತ್ತಾರೆ. ಅದನ್ನು ನೋಡಿ ರಟ್ಟಿನ ಹಾಳೆಗಳಲ್ಲಿ ರಂಧ್ರ ಕೊರೆಯುತ್ತಾರೆ. ರಂಧ್ರವಿದ್ದೆಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದೆಡೆ ಕೆಳಗುಳಿಯುತ್ತದೆ. ನಡುವೆ ಹೊಕ್ಕು ಓಡುತ್ತದೆ. ಬಾಗಿದ ಗೆರೆಯೆಂಬುದು ಮಗ್ಗಕ್ಕೂ ಇಟ್ಟಿಗೆಗೂ ಗೊತ್ತಿಲ್ಲ. ಮಾವಿನಕಾಯಿಯ ಬಳುಕು ವಾಸ್ತವವಾಗಿ ಒಂದು ಮೆಟ್ಟಿಲ ಸಾಲು.

ಹಾಗಿದ್ದರೂ ಸೆರಗಿನ ಮಾವು ನಯವಾಗಿಯೂ ಪ್ಲಾಸ್ಟಿಕ್ಕಿನ ಚಿತ್ರ ಒರಟಾಗಿಯೂ ಕಾಣುವುದೇಕೆ? ಮನುಷ್ಯನ ಕಣ್ಣು ಸುಮಾರು ಒಂದು ಡಿಗ್ರಿಯ 60ನೆಯ ಒಂದು ಭಾಗಕ್ಕಿಂತ ಕಿರಿದಾದ ಕೋನದಲ್ಲಿರುವ ಎರಡು ಚುಕ್ಕೆಗಳನ್ನು ಬಿಡಿಸಿ ನೋಡಲಾರದು. ಒಂದು ವಸ್ತು ತನ್ನ ಅಳತೆಯ ಸುಮಾರು 3,440 ಪಟ್ಟು ದೂರದಲ್ಲಿದ್ದಾಗ ಈ ಕೋನವನ್ನುಂಟುಮಾಡುತ್ತದೆ. ಸೀರೆಯಲ್ಲಿ ಮಿಲಿಮೀಟರಿಗೆ ಮೂರು ಎಳೆಯೆಂದಿಟ್ಟುಕೊಂಡರೆ, ಒಂದು ಮೀಟರಿಗೆ ತುಸು ಮಿಕ್ಕ ದೂರದಲ್ಲಿಯೇ ಮೆಟ್ಟಿಲುಗಳು ಅಳಿಸಿಹೋಗುತ್ತವೆ. ಇಟ್ಟಿಗೆಯ 8 ಮಿಲಿಮೀಟರಿನ ಚೌಕಕ್ಕೆ 27 ಮೀಟರು ಬೇಕು. ಅಷ್ಟು ಉದ್ದದ ಹಜಾರ ಯಾರ ಮನೆಯಲ್ಲಿದೆ? ನೇಕಾರನ ಕೈಚಳಕವನ್ನು ಈ ಎರಡು ಸಂಖ್ಯೆಗಳು ಹೇಳುವಷ್ಟು ಚೆನ್ನಾಗಿ ವರ್ಣನೆ ಹೇಳಲಾರದೆಂದು ನನ್ನ ಅಭಿಪ್ರಾಯ.

ದೊಡ್ಡವರ ಕೈಗೆ ಬಂದ ಆಟಿಕೆ ಪ್ರದರ್ಶನದ ಕಪಾಟಿನಲ್ಲಿಯೇ ನಿಂತುಬಿಡುವುದಿಲ್ಲ. ಅದು ಪ್ರಯೋಗಶಾಲೆಯನ್ನೂ ಹೊಕ್ಕಿದೆ. 1901ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ ತಂದ ಮೆಕಾನೊ, ರಂಧ್ರಗಳುಳ್ಳ ಲೋಹದ ಪಟ್ಟಿಗಳ ಆಟಿಕೆ. 1934ರಲ್ಲಿ ಮ್ಯಾಂಚೆಸ್ಟರಿನ ಡಗ್ಲಾಸ್ ಹಾರ್ಟ್ರಿ ತನ್ನ ವಿದ್ಯಾರ್ಥಿ ಆರ್ಥರ್ ಪೋರ್ಟರನೊಡನೆ ಸೇರಿ ಮೆಕಾನೊ ತುಂಡುಗಳಿಂದ ಅವಕಲ ಸಮೀಕರಣಗಳನ್ನು ಬಿಡಿಸುವ ಯಂತ್ರವನ್ನೇ ಕಟ್ಟಿದ. ಅದರ ಉತ್ತರಗಳಲ್ಲಿ ಶೇಕಡ 2ರಷ್ಟು ತಪ್ಪಿರುತ್ತಿತ್ತು. ಪರಮಾಣುವಿನ ರಚನೆಯ ಲೆಕ್ಕಗಳಿಗೆ ಅಷ್ಟೇ ಸಾಕಾಯಿತು.

ಅದಕ್ಕಿಂತ ಬೆರಗಾಗಿಸುವುದು 2015ರ ಸಂಗತಿ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಭೌತವಿಜ್ಞಾನಿಗಳು ಲೆಗೊ ಇಟ್ಟಿಗೆಗಳಿಂದ ಒಂದು ವಾಟ್ ತಕ್ಕಡಿಯನ್ನು ಕಟ್ಟಿ ಪ್ಲಾಂಕನ ಸ್ಥಿರಾಂಕವನ್ನು ಅಳೆದರು. ತತ್ತ್ವ ಹೀಗಿದೆ. ತಕ್ಕಡಿಯ ತೋಳಿನಿಂದ ತಂತಿಸುರುಳಿಯೊಂದು ಅಯಸ್ಕಾಂತದ ಕ್ಷೇತ್ರದಲ್ಲಿ ತೂಗುತ್ತದೆ. ಸುರುಳಿಯಲ್ಲಿ ವಿದ್ಯುತ್ತನ್ನು ಹರಿಸಿ, ಆ ಬಲದಿಂದ ಒಂದು ತೂಕವನ್ನು ಸರಿದೂಗಿಸಬೇಕು. ಅನಂತರ ತೂಕವನ್ನು ತೆಗೆದು, ಸುರುಳಿಯನ್ನು ಗೊತ್ತಾದ ವೇಗದಲ್ಲಿ ಚಲಿಸುವಂತೆ ಮಾಡಿ, ಅದರಲ್ಲಿ ಹುಟ್ಟುವ ವೋಲ್ಟೇಜನ್ನು ಅಳೆಯಬೇಕು. ಕ್ಷೇತ್ರದ ಬಲ, ತಂತಿಯ ಉದ್ದ ಮುಂತಾದ ಅಳೆಯಲು ಕಷ್ಟವಾದವುಗಳೆಲ್ಲ ಎರಡು ಸಮೀಕರಣಗಳ ನಡುವೆ ಬಿಟ್ಟುಹೋಗಿ, ತೂಕದ ಮತ್ತು ವೇಗದ ಗುಣಲಬ್ಧವು ವಿದ್ಯುತ್ ಪ್ರವಾಹ ಮತ್ತು ವೋಲ್ಟೇಜುಗಳ ಗುಣಲಬ್ಧಕ್ಕೆ ಸಮವೆಂಬ ಸರಳ ಸಂಬಂಧ ಉಳಿಯುತ್ತದೆ. ವಿದ್ಯುತ್ ಮಾನಗಳ ಮೂಲಕ ಪ್ಲಾಂಕನ ಸ್ಥಿರಾಂಕ ಈ ಲೆಕ್ಕದೊಳಕ್ಕೆ ಬರುತ್ತದೆ. ಆಟಿಕೆಯ ತಕ್ಕಡಿಯಿಂದ ದೊರೆತ ಉತ್ತರದ ಅನಿಶ್ಚಿತತೆ ಶೇಕಡ 1. ಇದೇ ತತ್ತ್ವದ ಮಹಾಯಂತ್ರಗಳ ನೆರವಿನಿಂದಲೇ 2019ರ ಮೇ 20ರಂದು ಕಿಲೋಗ್ರಾಮಿಗೆ ಹೊಸ ವ್ಯಾಖ್ಯೆ ಬಂದು, ಪ್ಯಾರಿಸ್ಸಿನ ಬಳಿ ಗಾಜಿನ ಮುಚ್ಚಳಗಳೊಳಗೆ ಕುಳಿತಿದ್ದ ಲೋಹದ ಗುಂಡಿಗೆ ನಿವೃತ್ತಿ ದೊರೆಯಿತು. ಅದೇ 2019ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದವರು ನಾಲ್ಕು ಇಟ್ಟಿಗೆಗಳ ಸಣ್ಣ ಕಂಬವನ್ನು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಸಾವಿರದ ಕೆಲವೇ ಭಾಗಗಳಷ್ಟು ಮೇಲಿನ ಶೈತ್ಯಕ್ಕೆ ಒಯ್ದು, ಅದು ಅತ್ಯುತ್ತಮ ಶಾಖನಿರೋಧಕವೆಂದು ತೋರಿಸಿದರು. ಗುಬಟುಗಳು ತಾಗುವ ಜಾಗ ಅತ್ಯಲ್ಪವಾದ್ದರಿಂದ ಶಾಖಕ್ಕೆ ದಾಟಲು ಹಾದಿಯೇ ಇಲ್ಲ.

ಸಂಗ್ರಹದ ಮಾತನ್ನು ಸ್ವಲ್ಪ ಎಚ್ಚರಿಕೆಯಿಂದ ಹೇಳಬೇಕು. ಕಟ್ಟುವುದು ಒಂದು ಹವ್ಯಾಸ; ಪೆಟ್ಟಿಗೆಯ ಮುದ್ರೆಯನ್ನೇ ಒಡೆಯದೆ ಬೆಲೆ ಏರಲೆಂದು ಕಾಯುವುದು ಇನ್ನೊಂದು. 1987ರಿಂದ 2015ರವರೆಗಿನ ಬೆಲೆಗಳನ್ನು ಪರಿಶೀಲಿಸಿದ ರಷ್ಯದ ಇಬ್ಬರು ಅರ್ಥಶಾಸ್ತ್ರಜ್ಞೆಯರು, ಮಾರಾಟ ನಿಂತುಹೋದ ಪೆಟ್ಟಿಗೆಗಳ ಬೆಲೆ ವರ್ಷಕ್ಕೆ ಸರಾಸರಿ ಶೇಕಡ 11ರಷ್ಟಾದರೂ ಏರಿದೆಯೆಂದು 2022ರಲ್ಲಿ ಪ್ರಕಟಿಸಿದರು. ಇದನ್ನೋದಿ ಚಿನ್ನಕ್ಕಿಂತ ಆಟಿಕೆ ಮೇಲೆಂದು ಕೂಗಿದವರುಂಟು. ಸರಾಸರಿಯೊಳಗೆ ಅರ್ಧ ಬೆಲೆ ಕಳೆದುಕೊಂಡ ಪೆಟ್ಟಿಗೆಗಳೂ ಸೇರಿವೆಯೆಂಬುದನ್ನು ಅವರು ಗಮನಿಸಲಿಲ್ಲ. 2008ರಲ್ಲಿ 5,922 ತುಂಡುಗಳ ತಾಜಮಹಲು ಮಾರುಕಟ್ಟೆಗೆ ಬಂತು. ತಯಾರಿಕೆ ನಿಂತ ಮೇಲೆ ಅದರ ಬೆಲೆ ಹಲವು ಪಟ್ಟು ಏರಿತು. ಕೂಡಿಟ್ಟವರು ಹಿಗ್ಗಿದರು. 2017ರಲ್ಲಿ ಕಂಪನಿ ಒಂದೇ ಒಂದು ತುಂಡನ್ನು ಹೆಚ್ಚಿಸಿ, 5,923 ತುಂಡುಗಳ ತಾಜಮಹಲನ್ನು ಮತ್ತೆ ಹೊರತಂದಿತು. ಹಳೆಯ ಪೆಟ್ಟಿಗೆಯ ಬೆಲೆ ಜರ್ರನೆ ಇಳಿಯಿತು. ತಯಾರಿಸುವವನು ನಾಳೆ ಮತ್ತೆ ಅಚ್ಚು ಹಾಕಬಲ್ಲ ವಸ್ತುವನ್ನು ಚಿನ್ನವೆಂದು ಬಗೆಯುವುದು ವಿವೇಕವಲ್ಲ.

ಸೂರ್ಯನೂ ಸಂಗ್ರಾಹಕನ ವೈರಿ. ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳ ನೆರವಿನಿಂದ ಗಾಳಿಯ ಆಮ್ಲಜನಕವು ಬ್ಯೂಟಡೈಈನಿನ ಜೋಡಿಬಂಧಗಳ ಮೇಲೆ ದಾಳಿ ಮಾಡುತ್ತದೆ. ಬಿಳಿಯ ಇಟ್ಟಿಗೆ ಹಳದಿಯಾಗುತ್ತದೆ, ರಬ್ಬರಿನ ಗುಣ ಕುಂದಿ ತುಂಡು ಪೆಡಸಾಗುತ್ತದೆ. ಕಿಟಕಿಯ ಬಳಿಯಿಟ್ಟ ಅರಮನೆಗೆ ನಮ್ಮ ಚಿತ್ರದುರ್ಗ ಜಿಲ್ಲೆಯ ಬಿಸಿಲು ಕರುಣೆ ತೋರುವುದಿಲ್ಲ.

ಹತ್ತಾರು ಸಾವಿರ ರೂಪಾಯಿ ಬೆಲೆಯ ಇಂಥ ಪೆಟ್ಟಿಗೆಗಳು ಶೇಂಗಾ ಬೆಳೆಯ ಮೇಲೆ, ಆ ಬೆಳೆ ಮಳೆಯ ಮೇಲೆ ನಿಂತಿರುವ ಈ ತಾಲ್ಲೂಕುಗಳ ಮನೆಗಳಿಗೆ ಎಟುಕುವಂಥವಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಎದ್ದಿದೆ. ಮಾನವರಹಿತ ವಿಮಾನಗಳನ್ನು ಪರೀಕ್ಷಿಸುವ ರಕ್ಷಣಾ ಇಲಾಖೆಯ ಕ್ಷೇತ್ರವೂ ಇದೆ. ಅಲ್ಲಿಗೆ ಹೋಗಬೇಕೆನ್ನುವ ಹುಡುಗ ಹುಡುಗಿಯರಿಗೆ ಬೇಕಾದ ಮೊದಲ ಅಭ್ಯಾಸವೆಂದರೆ ಅಳೆಯುವುದು, ಅಳತೆಯಲ್ಲಿರುವ ತಪ್ಪನ್ನು ಅಳೆಯುವುದು. ಅದಕ್ಕೆ ತಾಜಮಹಲು ಬೇಡ. ಎಂಟು ಗುಬಟಿನ ಹತ್ತು ಇಟ್ಟಿಗೆಗಳು ಸಾಕು. ಜಾತ್ರೆಯ ಅಗ್ಗದ ಇಟ್ಟಿಗೆಗಳಾದರೆ ಇನ್ನೂ ಒಳ್ಳೆಯದು. ಅವುಗಳಲ್ಲಿ ಕಂಡುಹಿಡಿಯಬೇಕಾದ ತಪ್ಪುಗಳು ಹೇರಳವಾಗಿರುತ್ತವೆ.

ಮೊದಲು ಹತ್ತೂ ಇಟ್ಟಿಗೆಗಳ ಗುಬಟುಗಳ ವ್ಯಾಸವನ್ನು ಸ್ಕ್ರೂ ಗೇಜಿನಿಂದ ಅಳೆದು, ಸರಾಸರಿಯನ್ನೂ ಅತಿ ಹೆಚ್ಚು ಕಡಮೆಗಳ ಅಂತರವನ್ನೂ ಬರೆದಿಡಿ. ಆಮೇಲೆ ಎರಡು ಇಟ್ಟಿಗೆಗಳನ್ನು ಎರಡೇ ಗುಬಟು ಹಿಡಿಯುವಂತೆ ಸೇರಿಸಿ, ಮೇಲಿನದನ್ನು ಒಂದು ಕೋಲಿಗೆ ದಾರದಿಂದ ಕಟ್ಟಿ. ಕೆಳಗಿನದರಿಂದ ಒಂದು ಪ್ಲಾಸ್ಟಿಕ್ ಡಬ್ಬಿ ನೇರವಾಗಿ ತೂಗಲಿ. ದಾರ ಗುಬಟುಗಳ ನಡುವಿನಿಂದಲೇ ಇಳಿಯಬೇಕು; ಓರೆಯಾದರೆ ಇಟ್ಟಿಗೆ ಒಂದು ಬದಿಯಿಂದ ಸುಲಿದುಕೊಂಡು ಬಿಡುತ್ತದೆ. ಅಳತೆಯ ಲೋಟದಿಂದ ಡಬ್ಬಿಗೆ ನಿಧಾನವಾಗಿ ನೀರು ಹೊಯ್ಯಿರಿ. ಕಳಚಿ ಬಿದ್ದಾಗ ನೀರಿನ ಮಿಲಿಲೀಟರುಗಳಿಗೆ ಡಬ್ಬಿಯ ತೂಕವನ್ನು ಗ್ರಾಮಿನಲ್ಲಿ ಕೂಡಿಸಿದರೆ ಹಿಡಿತದ ಬಲ ದೊರೆಯುತ್ತದೆ. ಹೀಗೆ ನಾಲ್ಕು, ಆರು, ಎಂಟು ಗುಬಟುಗಳಿಗೂ ಮಾಡಿ, ಪ್ರತಿಯೊಂದನ್ನೂ ಐದು ಬಾರಿ. ಗ್ರಾಫ್ ಹಾಳೆಯ ಅಡ್ಡಗೆರೆಯ ಮೇಲೆ ಗುಬಟುಗಳ ಸಂಖ್ಯೆ, ನೇರಗೆರೆಯ ಮೇಲೆ ಬಲ. ಚುಕ್ಕೆಗಳು ಮೂಲಬಿಂದುವಿನಿಂದ ಹೊರಟ ನೇರ ಗೆರೆಯ ಮೇಲೆ ಬರುತ್ತವೆಯೋ ಇಲ್ಲವೋ ನೋಡಿ. ಅದೇ ಇಟ್ಟಿಗೆಗಳನ್ನು ನೂರು ಬಾರಿ ಕೂಡಿಸಿ ಬಿಡಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಜನವರಿಯ ಬೆಳಗಿನಲ್ಲೊಮ್ಮೆ, ಏಪ್ರಿಲಿನ ಮಧ್ಯಾಹ್ನದಲ್ಲೊಮ್ಮೆ ಮಾಡಿದವರಿಗೆ ಮೇಲೆ ಹೇಳಿದ ಹಿಗ್ಗುವಿಕೆಯ ಮಾತನ್ನು ಪರೀಕ್ಷಿಸುವ ಅವಕಾಶವೂ ದೊರೆಯುತ್ತದೆ.